ಅನಿಲ ನಗರಕ್ಕೆ, ಸಾರ ಹೊಲಕ್ಕೆ: ಪ್ರೆಸ್‌ಮಡ್ ಆಧಾರಿತ ಜೈವಿಕ ಅನಿಲದಲ್ಲಿ ಕಬ್ಬು ಬೆಳೆಗಾರರ ಪಾಲು

ಕಳೆದ ಹಂಗಾಮಿನಲ್ಲಿ ಕ್ಷೇತ್ರೋತ್ಸವವೊಂದು ಮುಗಿದ ಬಳಿಕ ಹಿರಿಯ ಕಬ್ಬು ಬೆಳೆಗಾರರೊಬ್ಬರು ಹತ್ತಿರ ಬಂದು ಹೀಗೆ ಕೇಳಿದರು: “ಸಾಹೇಬ್ರ, ಮೂವತ್ತು ವರ್ಷದಿಂದ ಫ್ಯಾಕ್ಟರಿಗೆ ಕಬ್ಬು ಕಳಸ್ತೀವ್ರಿ. ಗಾಡಿ ತಿರುಗಿ ಬರುವಾಗ ಮಡ್ಡಿ ಹೇರ್ಕೊಂಡು ಬರ್ತಿದ್ವಿ. ಈಗ ಕೇಳಿದ್ರ ಅದು ಗ್ಯಾಸ್ ಮಾಡಾಕ ಹೊಂಟೈತಿ ಅಂತಾರ. ನಮ್ಮ ಹೊಲಕ್ಕ ಏನ್ ಹಾಕೂಣ್ರಿ?”

ಇದು ಒಬ್ಬರ ಪ್ರಶ್ನೆಯಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ, ಕಲಬುರಗಿ, ಬೀದರ್ ಜಿಲ್ಲೆಗಳ ಕಬ್ಬು ಬೆಳೆಗಾರರೆಲ್ಲರೂ ಇಂದಲ್ಲ ನಾಳೆ ಎದುರಿಸಬೇಕಾದ ಪ್ರಶ್ನೆ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ರೈತರು ‘ಮಡ್ಡಿ’ ಎಂದು ಕರೆಯುವ ಕಪ್ಪು ಬಣ್ಣದ ಮೆತ್ತನೆಯ ತ್ಯಾಜ್ಯವು, ಇದುವರೆಗೆ ಕಡಿಮೆ ಬೆಲೆಗೆ ದೊರೆಯುತ್ತಿದ್ದ ಗೊಬ್ಬರವಾಗಿತ್ತು. ಈಗ ಅದು ವಾಹನಗಳಿಗೆ ಇಂಧನ ಒದಗಿಸುವ ಸಂಪೀಡಿತ ಜೈವಿಕ ಅನಿಲದ, ಅಂದರೆ ಸಿಬಿಜಿಯ, ಕಚ್ಚಾವಸ್ತುವಾಗಿದೆ. ಈ ಬದಲಾವಣೆಯಿಂದ ರೈತನಿಗೆ ನಷ್ಟವೇ ಆಗಬೇಕೆಂದಿಲ್ಲ. ಆದರೆ ಲಾಭವು ತಾನಾಗಿ ಹೊಲಕ್ಕೆ ನಡೆದು ಬರುವುದೂ ಇಲ್ಲ. ಇವೆರಡನ್ನೂ ಲೆಕ್ಕಾಚಾರದ ಮೂಲಕ ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಬೇಡಿಕೆ ಹೆಚ್ಚಿದ ಹಿನ್ನೆಲೆ

ಭಾರತವು ಬಳಸುವ ನೈಸರ್ಗಿಕ ಅನಿಲದ ಸುಮಾರು ಅರ್ಧದಷ್ಟು ವಿದೇಶಗಳಿಂದ ಆಮದಾಗುತ್ತದೆ. ಈ ಅವಲಂಬನೆಯನ್ನು ತಗ್ಗಿಸುವ ಉದ್ದೇಶದಿಂದ ಕೇಂದ್ರ ಸರ್ಕಾರವು 2018ರ ಅಕ್ಟೋಬರ್ 1ರಂದು ‘ಸತತ್’ ಯೋಜನೆಯನ್ನು ಆರಂಭಿಸಿತು. ದೇಶದಲ್ಲಿ 5,000 ಸಿಬಿಜಿ ಘಟಕಗಳನ್ನು ಸ್ಥಾಪಿಸಿ ವರ್ಷಕ್ಕೆ 150 ಲಕ್ಷ ಟನ್ ಅನಿಲ ಉತ್ಪಾದಿಸುವುದು ಅದರ ಗುರಿಯಾಗಿತ್ತು. ಪ್ರಗತಿಯು ಈ ಗುರಿಗಿಂತ ಬಹಳ ಹಿಂದೆ ಉಳಿಯಿತು. ಕಚ್ಚಾವಸ್ತು ವರ್ಷಪೂರ್ತಿ ದೊರೆಯದಿರುವುದು, ಸಾಗಣೆ ವೆಚ್ಚ ಮತ್ತು ಉಳಿಕೆ ಗೊಬ್ಬರಕ್ಕೆ ಸ್ಥಿರವಾದ ಮಾರುಕಟ್ಟೆ ಇಲ್ಲದಿರುವುದು ಘಟಕಗಳಿಗೆ ತೊಡಕಾದವು.

2023ರಲ್ಲಿ ಎರಡು ಮಹತ್ವದ ತೀರ್ಮಾನಗಳು ಹೊರಬಿದ್ದವು. ಮೊದಲನೆಯದು, ಆ ವರ್ಷದ ಜೂನ್ ತಿಂಗಳಲ್ಲಿ ಮಂಜೂರಾದ ಮಾರುಕಟ್ಟೆ ಅಭಿವೃದ್ಧಿ ನೆರವು. ಜೈವಿಕ ಅನಿಲ ಘಟಕಗಳಿಂದ ಹೊರಬರುವ ಹುದುಗಿಸಿದ ಸಾವಯವ ಗೊಬ್ಬರಕ್ಕೆ ಪ್ರತಿ ಟನ್‌ಗೆ 1,500 ರೂಪಾಯಿ ನೆರವು ನೀಡುವ ಈ ಯೋಜನೆಗೆ ಮೂರು ವರ್ಷಗಳ ಅವಧಿಗೆ 1,451.84 ಕೋಟಿ ರೂಪಾಯಿ ನಿಗದಿಯಾಯಿತು. ಎರಡನೆಯದು, ನವೆಂಬರ್ ತಿಂಗಳಲ್ಲಿ ಪ್ರಕಟವಾದ ಮಿಶ್ರಣ ಕಡ್ಡಾಯ ನೀತಿ. ಇದರನ್ವಯ ವಾಹನಗಳಿಗೆ ಮತ್ತು ಮನೆಗಳಿಗೆ ಪೂರೈಸುವ ಅನಿಲದಲ್ಲಿ ಸಿಬಿಜಿ ಪ್ರಮಾಣವು 2025-26ರಲ್ಲಿ ಶೇ. 1, 2026-27ರಲ್ಲಿ ಶೇ. 3, 2027-28ರಲ್ಲಿ ಶೇ. 4 ಮತ್ತು 2028-29ರಿಂದ ಶೇ. 5 ಇರಬೇಕು.

ಅನಿಲ ವಿತರಣಾ ಸಂಸ್ಥೆಗಳು ಸಿಬಿಜಿಯನ್ನು ಕೊಳ್ಳಲೇಬೇಕಾದ ಸ್ಥಿತಿ ಬಂದಾಗ ಹೂಡಿಕೆದಾರರ ದೃಷ್ಟಿ ಸಹಜವಾಗಿಯೇ ಸಕ್ಕರೆ ಕಾರ್ಖಾನೆಗಳ ಮೇಲೆ ಬಿದ್ದಿತು. ಭತ್ತದ ಹುಲ್ಲನ್ನು ಸಾವಿರಾರು ಹೊಲಗಳಿಂದ ಸಂಗ್ರಹಿಸಬೇಕು. ನಗರದ ಕಸವನ್ನು ಬೇರ್ಪಡಿಸಬೇಕು. ಪ್ರೆಸ್‌ಮಡ್ ಹಾಗಲ್ಲ. ಅದು ಒಂದೇ ಸ್ಥಳದಲ್ಲಿ, ಪ್ರತಿದಿನ, ಹೆಚ್ಚು ಕಡಿಮೆ ಒಂದೇ ಗುಣಮಟ್ಟದಲ್ಲಿ ದೊರೆಯುತ್ತದೆ. ನುರಿಸಿದ ಕಬ್ಬಿನ ತೂಕದ ಶೇ. 3ರಿಂದ 4ರಷ್ಟು ಪ್ರೆಸ್‌ಮಡ್ ಹೊರಬರುತ್ತದೆ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆಯಲ್ಲಿ ಕನಿಷ್ಠ 150 ಟನ್ ಪ್ರೆಸ್‌ಮಡ್ ಸಂಗ್ರಹವಾಗುತ್ತದೆ. ಸುಮಾರು 25 ಟನ್ ಪ್ರೆಸ್‌ಮಡ್‌ನಿಂದ 1 ಟನ್ ಸಿಬಿಜಿ ದೊರೆಯುವುದರಿಂದ, ಇಂತಹ ಒಂದು ಕಾರ್ಖಾನೆಯು ದಿನಕ್ಕೆ 6 ಟನ್ ಅನಿಲಕ್ಕೆ ಬೇಕಾದ ಕಚ್ಚಾವಸ್ತುವನ್ನು ಒದಗಿಸಬಲ್ಲದು. ಮಹಾರಾಷ್ಟ್ರ ಮತ್ತು ಉತ್ತರ ಪ್ರದೇಶಗಳ ನಂತರ ಅತಿ ಹೆಚ್ಚು ಸಕ್ಕರೆ ಉತ್ಪಾದಿಸುವ ನಮ್ಮ ರಾಜ್ಯದಲ್ಲಿ ಮಡ್ಡಿಗೆ ಬೇಡಿಕೆ ಏರಿರುವುದು ಈ ಕಾರಣದಿಂದಲೇ.

ಸೂಕ್ಷ್ಮಾಣು ಜೀವಿಗಳ ನಾಲ್ಕು ಹಂತದ ಕೆಲಸ

ಘಟಕದೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ಮಾತ್ರ, ಅಲ್ಲಿಂದ ಏನು ಹೊರಟುಹೋಗುತ್ತದೆ, ಏನು ಉಳಿಯುತ್ತದೆ ಎಂಬುದು ಅರ್ಥವಾಗುತ್ತದೆ. ಜೈವಿಕ ಅನಿಲ ಘಟಕವನ್ನು ಹಸುವಿನ ಮೊದಲ ಹೊಟ್ಟೆಗೆ ಹೋಲಿಸಬಹುದು. ಎರಡರಲ್ಲಿಯೂ ಆಮ್ಲಜನಕವಿಲ್ಲ, ಎರಡರಲ್ಲಿಯೂ ಕೆಲಸ ಮಾಡುವವು ಸೂಕ್ಷ್ಮಾಣು ಜೀವಿಗಳೇ. ಆದ್ದರಿಂದಲೇ ಹೊಸ ಘಟಕವನ್ನು ಚಾಲನೆಗೊಳಿಸುವಾಗ ಸಗಣಿಯ ರಾಡಿಯನ್ನು ಹೆಪ್ಪಿನಂತೆ ಬಳಸುತ್ತಾರೆ.

ಮೊದಲ ಹಂತದಲ್ಲಿ ಕ್ಲಾಸ್ಟ್ರಿಡಿಯಂ ಮೊದಲಾದ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವಗಳಿಂದ ನಾರು, ಪಿಷ್ಟ, ಸಸಾರಜನಕ ಹಾಗೂ ಮೇಣದ ದೊಡ್ಡ ಅಣುಗಳನ್ನು ನೀರಿನಲ್ಲಿ ಕರಗುವ ಸಣ್ಣ ಅಣುಗಳಾಗಿ ಒಡೆಯುತ್ತವೆ. ಎರಡನೆಯ ಹಂತದಲ್ಲಿ ಆಮ್ಲ ಉತ್ಪಾದಕ ಬ್ಯಾಕ್ಟೀರಿಯಾಗಳು ಅವನ್ನು ಸಾವಯವ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಮೂರನೆಯ ಹಂತದಲ್ಲಿ ಆ ಆಮ್ಲಗಳು ಅಸಿಟಿಕ್ ಆಮ್ಲ, ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಕೊನೆಯ ಹಂತದಲ್ಲಿ ಮೆಥನೋಸಾರ್ಸಿನಾ, ಮೆಥನೋಬ್ಯಾಕ್ಟೀರಿಯಂ ಮುಂತಾದ ಪ್ರಾಚೀನ ಸೂಕ್ಷ್ಮಾಣುಗಳು ಇವುಗಳನ್ನು ಬಳಸಿ ಮೀಥೇನ್ ಅನಿಲವನ್ನು ಹೊರಹಾಕುತ್ತವೆ.

ಈ ನಾಲ್ಕು ಗುಂಪುಗಳ ವೇಗ ಒಂದೇ ಆಗಿಲ್ಲ. ಆಮ್ಲ ಉತ್ಪಾದಕಗಳು ಬೇಗ ವೃದ್ಧಿಯಾಗುತ್ತವೆ. ಮೀಥೇನ್ ಉತ್ಪಾದಕಗಳು ನಿಧಾನ. ಘಟಕಕ್ಕೆ ಒಮ್ಮೆಲೇ ಹೆಚ್ಚು ಮಡ್ಡಿ ಸುರಿದರೆ ಆಮ್ಲವು ಶೇಖರಣೆಯಾಗಿ, ರಸಸಾರ 6.5ಕ್ಕಿಂತ ಕೆಳಗಿಳಿದು, ಅನಿಲ ಉತ್ಪಾದನೆ ನಿಂತೇ ಹೋಗಬಹುದು. ರಸಸಾರ 6.8ರಿಂದ 7.5ರ ನಡುವೆ, ಉಷ್ಣಾಂಶ 35ರಿಂದ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸ್ಥಿರವಾಗಿದ್ದರೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ.

ಪ್ರೆಸ್‌ಮಡ್‌ಗೆ ಅದರದೇ ಆದ ಮೂರು ತೊಡಕುಗಳಿವೆ. ಕಬ್ಬಿನ ಮೇಲ್ಮೈಯ ಮೇಣವು ಅದರಲ್ಲಿ ಸೇರಿರುವುದರಿಂದ ವಿಘಟನೆ ನಿಧಾನವಾಗುತ್ತದೆ. ನಮ್ಮ ಬಹುತೇಕ ಕಾರ್ಖಾನೆಗಳು ರಸವನ್ನು ಗಂಧಕದ ಹೊಗೆಯಿಂದ ಶುದ್ಧೀಕರಿಸುವುದರಿಂದ ಮಡ್ಡಿಯಲ್ಲಿ ಗಂಧಕವಿರುತ್ತದೆ. ಗಂಧಕವನ್ನು ಅವಲಂಬಿಸಿದ ಬ್ಯಾಕ್ಟೀರಿಯಾಗಳು ಮೀಥೇನ್ ಉತ್ಪಾದಕಗಳೊಡನೆ ಪೈಪೋಟಿ ನಡೆಸಿ, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವನ್ನು ಉಂಟುಮಾಡುತ್ತವೆ. ಮೂರನೆಯದಾಗಿ, ಕಾರ್ಖಾನೆ ನಡೆಯುವುದು ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ. ಘಟಕ ನಡೆಯಬೇಕಾದುದು ವರ್ಷಪೂರ್ತಿ. ತೆರೆದ ಬಯಲಿನಲ್ಲಿ ರಾಶಿ ಹಾಕಿದ ಮಡ್ಡಿ ಬಿಸಿಯೇರಿ ಕೊಳೆಯುತ್ತದೆ, ಕೆಲವೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದರ ಅನಿಲ ನೀಡುವ ಶಕ್ತಿಯೂ ಕುಗ್ಗುತ್ತದೆ. ಆದಕಾರಣ ಘಟಕಗಳು ಹಂಗಾಮಿನಲ್ಲಿಯೇ ತಾಜಾ ಮಡ್ಡಿಯನ್ನು ಸಂಪೂರ್ಣವಾಗಿ ಎತ್ತಿಕೊಂಡು, ಗಾಳಿಯಾಡದಂತೆ ಮುಚ್ಚಿ ಸಂಗ್ರಹಿಸಲು ಬಯಸುತ್ತವೆ. ರೈತನ ಗಾಡಿಗೆ ಮಡ್ಡಿ ದೊರೆಯದಿರಲು ಇದೂ ಒಂದು ಕಾರಣ.

ಮಣ್ಣಿಗೆ ಸೇರಬೇಕಾದುದನ್ನು ಅನಿಲ ಕಸಿಯುತ್ತದೆಯೇ?

ಕೇಳಬೇಕಾದ ಮುಖ್ಯ ಪ್ರಶ್ನೆ ಇದು. ಇದಕ್ಕೆ ಉತ್ತರವನ್ನು ತೂಕದ ಲೆಕ್ಕದಲ್ಲಿ ಹುಡುಕೋಣ.

ತಾಜಾ ಪ್ರೆಸ್‌ಮಡ್‌ನಲ್ಲಿ ಶೇ. 70ರಷ್ಟು ನೀರಿರುತ್ತದೆ ಎಂದು ಭಾವಿಸಿದರೆ, 25 ಟನ್ ಮಡ್ಡಿಯಲ್ಲಿ ಒಣ ಪದಾರ್ಥವಿರುವುದು 7.5 ಟನ್. ಇದರಿಂದ 1 ಟನ್ ಸಿಬಿಜಿ ದೊರೆಯುವಾಗ ಜೊತೆಯಲ್ಲಿ 1.5ರಿಂದ 1.8 ಟನ್ ಇಂಗಾಲದ ಡೈಆಕ್ಸೈಡ್ ಸಹ ಹೊರಬರುತ್ತದೆ. ಅಂದರೆ ಒಣ ಪದಾರ್ಥದ ಸುಮಾರು ಮೂರನೆಯ ಒಂದು ಭಾಗ ಅಥವಾ ತುಸು ಹೆಚ್ಚು ಅನಿಲವಾಗಿ ಹೋಗುತ್ತದೆ. ಉಳಿದುದು ಬಗ್ಗಡದಲ್ಲಿ ಉಳಿಯುತ್ತದೆ. ಇಂಗಾಲವನ್ನಷ್ಟೇ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ಅರ್ಧದಷ್ಟು ಹೊರಟುಹೋಗುತ್ತದೆ.

ಅರ್ಧ ಇಂಗಾಲ ಹೋಯಿತೆಂದು ಗಾಬರಿಯಾಗುವ ಮುನ್ನ ಒಂದು ಸಂಗತಿಯನ್ನು ನೆನಪಿಡಬೇಕು. ಅದೇ ಮಡ್ಡಿಯನ್ನು ತಿಪ್ಪೆಯಲ್ಲಿ ಕೊಳೆಸಿ ಕಾಂಪೋಸ್ಟ್ ಮಾಡಿದರೂ ಸುಮಾರು ಅಷ್ಟೇ ಇಂಗಾಲ ಗಾಳಿಗೆ ಹೋಗುತ್ತದೆ. ನೇರವಾಗಿ ಹೊಲಕ್ಕೆ ಹಾಕಿದರೂ ಮಣ್ಣಿನ ಜೀವಿಗಳು ಸುಲಭವಾಗಿ ಕರಗುವ ಭಾಗವನ್ನು ಕೆಲವೇ ತಿಂಗಳುಗಳಲ್ಲಿ ಉಸಿರಾಡಿ ಮುಗಿಸುತ್ತವೆ. ಘಟಕದಲ್ಲಿ ಮೀಥೇನ್ ಆಗುವುದೂ ಮುಖ್ಯವಾಗಿ ಇದೇ ಸುಲಭ ಭಾಗವೇ. ಗಾಳಿಯಿಲ್ಲದ ಸ್ಥಿತಿಯಲ್ಲಿ ಸೂಕ್ಷ್ಮಾಣುಗಳು ಒಡೆಯಲಾರದ ಲಿಗ್ನಿನ್ ಬಗ್ಗಡದಲ್ಲಿಯೇ ಉಳಿಯುತ್ತದೆ. ಮಣ್ಣಿನಲ್ಲಿ ದೀರ್ಘಕಾಲ ನಿಂತು ಹ್ಯೂಮಸ್ ರಚನೆಗೆ ನೆರವಾಗುವುದು ಅದೇ. ಹಸಿ ಮಡ್ಡಿಯು ಹೊಲದಲ್ಲಿ ಕೊಳೆಯುವಾಗ ಮಣ್ಣಿನ ಜೀವಿಗಳಿಗೆ ದೊರೆಯುತ್ತಿದ್ದ ಆಹಾರವು ಬಗ್ಗಡದಲ್ಲಿ ಕಡಿಮೆ ಎಂಬುದು ನಿಜ. ಆದುದರಿಂದ ಬಗ್ಗಡ ಬಳಸುವವರು ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಸುವುದು ಮೊದಲಿಗಿಂತಲೂ ಅಗತ್ಯ.

ಇನ್ನು ಪೋಷಕಾಂಶಗಳ ಮಾತು. ಮೀಥೇನ್ ಎಂದರೆ ಇಂಗಾಲ ಮತ್ತು ಜಲಜನಕ ಮಾತ್ರ. ಅದರಲ್ಲಿ ಸಾರಜನಕವಿಲ್ಲ, ರಂಜಕವಿಲ್ಲ, ಪೊಟ್ಯಾಷ್ ಇಲ್ಲ, ಸುಣ್ಣವಿಲ್ಲ, ಸತುವಿಲ್ಲ. ಇವೆಲ್ಲವೂ ಬಗ್ಗಡದಲ್ಲಿಯೇ ಉಳಿಯುತ್ತವೆ. ಸಾರಜನಕದ ಒಂದು ಭಾಗವು ಬೆಳೆಗೆ ಬೇಗನೆ ದಕ್ಕುವ ಅಮೋನಿಯಂ ರೂಪಕ್ಕೆ ಬದಲಾಗುತ್ತದೆ. ಹೀಗಾಗಿ ವಿಜ್ಞಾನದ ದೃಷ್ಟಿಯಿಂದ ಜೈವಿಕ ಅನಿಲ ಮತ್ತು ಗೊಬ್ಬರ ಒಂದಕ್ಕೊಂದು ವಿರೋಧಿಗಳಲ್ಲ. ಬಗ್ಗಡವು ಯಾರ ಹೊಲಕ್ಕೆ, ಯಾವ ಗುಣಮಟ್ಟದಲ್ಲಿ, ಯಾವ ಬೆಲೆಗೆ ಹಿಂದಿರುಗುತ್ತದೆ ಎಂಬುದರ ಮೇಲೆ ರೈತನ ಲಾಭನಷ್ಟ ನಿಂತಿದೆ.

ಒಂದು ಎಕರೆಯ ಲೆಕ್ಕ

ತಮ್ಮ ಒಂದು ಎಕರೆಯ ಲೆಕ್ಕವನ್ನು ನೋಡಿ. ಎಕರೆಗೆ 40 ಟನ್ ಇಳುವರಿ ಇದೆ, ನಾಟಿ ಬೆಳೆಯ ನಂತರ ಎರಡು ಕೂಳೆ ಬೆಳೆ ತೆಗೆಯುತ್ತೀರಿ ಎಂದಿಟ್ಟುಕೊಳ್ಳೋಣ. ಕೂಳೆಯಲ್ಲಿಯೂ ಇಳುವರಿ ಕಾಯ್ದುಕೊಂಡರೆ ಮೂರು ಬೆಳೆಗಳಲ್ಲಿ ಕಾರ್ಖಾನೆಗೆ ಹೋಗುವ ಕಬ್ಬು 120 ಟನ್. ಶೇ. 3.5ರಂತೆ ಅದರಿಂದ ಹೊರಬರುವ ಪ್ರೆಸ್‌ಮಡ್ 4.2 ಟನ್. ಹೊಸ ನಾಟಿಯ ಸಮಯದಲ್ಲಿ ಒಂದು ಎಕರೆಗೆ ರೈತರು ಹಾಕುತ್ತ ಬಂದಿರುವ ಮಡ್ಡಿಯ ಪ್ರಮಾಣವೂ ಬಹುಮಟ್ಟಿಗೆ ಇಷ್ಟೇ. ಅಂದರೆ ಒಂದು ನಾಟಿಯ ಆವರ್ತದಲ್ಲಿ ಹೊಲವು ಕಳುಹಿಸಿದುದು ಮುಂದಿನ ನಾಟಿಗೆ ಅದೇ ಹೊಲಕ್ಕೆ ಹಿಂದಿರುಗಿದಂತಾಗುತ್ತಿತ್ತು.

ಈ 4.2 ಟನ್ ಮಡ್ಡಿಯ ಒಣ ತೂಕ ಸುಮಾರು 1,260 ಕಿ.ಗ್ರಾಂ. ಒಣ ತೂಕದಲ್ಲಿ ಸಾರಜನಕ ಶೇ. 2, ರಂಜಕ ಶೇ. 2.5 ಎಂದು ಹಿಡಿದರೆ ಅದರಲ್ಲಿ 25 ಕಿ.ಗ್ರಾಂ ಸಾರಜನಕ, 31 ಕಿ.ಗ್ರಾಂ ರಂಜಕವಿರುತ್ತದೆ. ಈ ಪ್ರಮಾಣವು ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುತ್ತದೆಯಾದರೂ ಅಂದಾಜಿಗೆ ಸಾಕು. 31 ಕಿ.ಗ್ರಾಂ ರಂಜಕವೆಂದರೆ 50 ಕಿ.ಗ್ರಾಂ ತೂಕದ ಸುಮಾರು ನಾಲ್ಕು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್, 25 ಕಿ.ಗ್ರಾಂ ಸಾರಜನಕವೆಂದರೆ ಒಂದು ಚೀಲಕ್ಕೂ ಮಿಕ್ಕ ಯೂರಿಯಾ. ಜೊತೆಗೆ ಕ್ಯಾಲ್ಸಿಯಂ, ಗಂಧಕ ಮತ್ತು ಲಘು ಪೋಷಕಾಂಶಗಳು.

ಅದೇ 4.2 ಟನ್ ಮಡ್ಡಿಯು ಅನಿಲ ಘಟಕದ ಮೂಲಕ ಹಾದುಬಂದರೆ ಸುಮಾರು 800 ಕಿ.ಗ್ರಾಂ ಒಣ ಪದಾರ್ಥ ಉಳಿಯುತ್ತದೆ. ಶೇ. 40ರಷ್ಟು ತೇವಾಂಶವಿರುವ ಗೊಬ್ಬರದ ರೂಪದಲ್ಲಿ ಅದು 1 ಟನ್ನಿಗಿಂತ ತುಸು ಹೆಚ್ಚಾಗುತ್ತದೆ; ಪೋಷಕಾಂಶಗಳ ಒಂದು ಭಾಗ ದ್ರವದಲ್ಲಿರುತ್ತದೆ. ಆದ್ದರಿಂದ ‘ನಾಲ್ಕು ಟನ್ ಹೋಯಿತು, ಒಂದು ಟನ್ ಬಂದಿತು’ ಎಂಬುದು ಪೂರ್ತಿ ನಷ್ಟದ ಲೆಕ್ಕವಲ್ಲ. ಹೋದುದರಲ್ಲಿ ಹೆಚ್ಚಿನದು ನೀರು. ಆದರೆ ಆ ಒಂದು ಟನ್ ಮತ್ತು ಅದರೊಂದಿಗಿನ ದ್ರವ ತಮ್ಮ ಹೊಲಕ್ಕೆ ಬಾರದೆ ಬೇರೆ ಜಿಲ್ಲೆಯ ಮಾರುಕಟ್ಟೆಗೆ ಚೀಲಗಳಲ್ಲಿ ಹೋದರೆ, ತಾವು ಕಳೆದುಕೊಂಡ ರಂಜಕವನ್ನು ಅಂಗಡಿಯಿಂದ ಕೊಂಡೇ ತುಂಬಬೇಕಾಗುತ್ತದೆ. ಭಾರತವು ರಂಜಕ ಗೊಬ್ಬರಗಳಿಗೆ ಬೇಕಾದ ಶಿಲಾ ರಂಜಕ ಮತ್ತು ಆಮ್ಲಗಳಿಗೆ ಬಹುಪಾಲು ಆಮದನ್ನೇ ನಂಬಿದೆ. ಅನಿಲದ ಆಮದನ್ನು ತಗ್ಗಿಸುವ ಹಾದಿಯಲ್ಲಿ ಗೊಬ್ಬರದ ಆಮದು ಹೆಚ್ಚುವಂತಾಗಬಾರದು.

ಪುರ ಗ್ರಾಮದ ಪಾಠ

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಹಳೆಯ ಅನುಭವವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಪ್ರೊ. ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಜೈವಿಕ ಅನಿಲ ಘಟಕವನ್ನು ಸ್ಥಾಪಿಸಿತು. 1987ರಿಂದ ಆ ಅನಿಲದಿಂದ ಯಂತ್ರ ನಡೆಸಿ ಊರಿಗೆ ನೀರು ಮತ್ತು ಬೆಳಕು ಒದಗಿಸಲಾಯಿತು. ಅಲ್ಲಿನ ಕಚ್ಚಾವಸ್ತು ಸಗಣಿ. ಇಲ್ಲಿನದು ಕಾರ್ಖಾನೆಯ ತ್ಯಾಜ್ಯ. ಗಾತ್ರದಲ್ಲಿಯೂ ಹೋಲಿಕೆ ಇಲ್ಲ. ಆದರೆ ಅಲ್ಲಿನ ವ್ಯವಸ್ಥೆಯ ಒಂದು ಅಂಶ ಇಂದಿಗೂ ಪ್ರಸ್ತುತವಾಗಿದೆ. ಸಗಣಿ ತಂದ ಮನೆಗೆ ತೂಕದ ಲೆಕ್ಕದಲ್ಲಿ ಕಿಲೋಗೆ 2 ಪೈಸೆ ಸಲ್ಲುತ್ತಿತ್ತು, ಬಗ್ಗಡವೂ ಹಿಂದಿರುಗುತ್ತಿತ್ತು. ಅನಿಲ ಊರಿನದು, ಗೊಬ್ಬರ ಸಗಣಿ ತಂದವರದು ಎಂಬ ಒಪ್ಪಂದ ಸ್ಪಷ್ಟವಾಗಿತ್ತು. ಗೊಬ್ಬರ ಹಿಂದಿರುಗುತ್ತದೆ ಎಂಬ ಭರವಸೆ ಇಲ್ಲದೆ ಯಾವ ರೈತನೂ ತನ್ನ ಸಗಣಿಯನ್ನು ಹೊತ್ತು ತರುತ್ತಿರಲಿಲ್ಲ.

ಕಬ್ಬಿನ ವಿಷಯದಲ್ಲಿಯೂ ಉಪ ಉತ್ಪನ್ನಗಳಲ್ಲಿ ಬೆಳೆಗಾರನ ಪಾಲು ಹೊಸ ಕಲ್ಪನೆಯಲ್ಲ. ಸಕ್ಕರೆಯೊಂದಿಗೆ ಬಗಾಸ್, ಕಾಕಂಬಿ ಮತ್ತು ಪ್ರೆಸ್‌ಮಡ್‌ಗಳ ಮೌಲ್ಯವನ್ನೂ ಸೇರಿಸಿ ಅದರ ಶೇ. 70ರಷ್ಟು ಕಬ್ಬು ಬೆಳೆಗಾರರಿಗೆ ಸಲ್ಲಬೇಕು, ಅಥವಾ ಸಕ್ಕರೆಯ ಮೌಲ್ಯವೊಂದನ್ನೇ ಪರಿಗಣಿಸಿದರೆ ಶೇ. 75 ಸಲ್ಲಬೇಕು ಎಂದು ಡಾ. ಸಿ. ರಂಗರಾಜನ್ ಸಮಿತಿಯು 2012ರಲ್ಲಿ ಶಿಫಾರಸು ಮಾಡಿತ್ತು. ಕರ್ನಾಟಕವು 2013ರಲ್ಲಿ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯ್ದೆಯನ್ನು ಜಾರಿಗೆ ತಂದು ವರಮಾನ ಹಂಚಿಕೆಯ ತತ್ತ್ವವನ್ನು ಅಂಗೀಕರಿಸಿತು. ಆ ಕಾಲದಲ್ಲಿ ಪ್ರೆಸ್‌ಮಡ್‌ನ ಬೆಲೆ ಲೆಕ್ಕಕ್ಕೆ ಬಾರದಷ್ಟು ಕಡಿಮೆಯಿತ್ತು. ಈಗ ಪರಿಸ್ಥಿತಿ ಬದಲಾಗಿದೆ. ಶೇ. 75ರ ಸೂತ್ರದಲ್ಲಿ ಉಪ ಉತ್ಪನ್ನಗಳ ಬೆಲೆಯನ್ನು ಒಂದು ಅಂದಾಜಿನ ಮೇಲೆ ಒಳಗೊಳಿಸಲಾಗಿದೆ. ಮಡ್ಡಿಯ ಬೆಲೆ ಏರಿದಾಗ ಆ ಅಂದಾಜನ್ನು ಪರಿಶೀಲಿಸುವುದು ನ್ಯಾಯೋಚಿತ. 2025ರ ನವೆಂಬರ್‌ನಲ್ಲಿ ಬೆಳಗಾವಿ ಭಾಗದ ಬೆಳೆಗಾರರು ಕಬ್ಬಿನ ದರಕ್ಕಾಗಿ ನಡೆಸಿದ ಹೋರಾಟವನ್ನು ತಾವೆಲ್ಲ ಬಲ್ಲಿರಿ. ದರದ ಮಾತುಕತೆಗೆ ಕುಳಿತಾಗ ಬಗ್ಗಡದ ವಿಷಯವನ್ನೂ ಅದೇ ಮೇಜಿನ ಮೇಲೆ ಇಡುವುದು ಒಳಿತು.

ಮಾರುಕಟ್ಟೆ ಅಭಿವೃದ್ಧಿ ನೆರವಿನ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಟನ್ನಿಗೆ 1,500 ರೂಪಾಯಿಯ ಈ ನೆರವು ರೈತನ ಖಾತೆಗೆ ಬರುವುದಿಲ್ಲ. ಗೊಬ್ಬರ ತಯಾರಿಸುವ ಮತ್ತು ಮಾರುವ ಕಡೆಗೆ ಸಲ್ಲುತ್ತದೆ. ಮಾರಾಟ ಬೆಲೆಯನ್ನು ತಗ್ಗಿಸಿ ಗೊಬ್ಬರವನ್ನು ಹೊಲದವರೆಗೆ ತಲುಪಿಸುವುದು ಇದರ ಆಶಯ. ನೆರವು ಪಡೆದ ಗೊಬ್ಬರವೂ ದುಬಾರಿಯಾಗಿಯೇ ಉಳಿದರೆ ಆ ಆಶಯ ಈಡೇರಿದಂತಾಗುವುದಿಲ್ಲ. ಕೊಳ್ಳುವಾಗ ಈ ನೆರವನ್ನು ಬೆಲೆಯಲ್ಲಿ ಕಳೆಯಲಾಗಿದೆಯೇ ಎಂದು ಕೇಳುವ ಹಕ್ಕು ತಮಗಿದೆ.

ಇತರ ಸಸ್ಯಜನ್ಯ ತ್ಯಾಜ್ಯಗಳು

ಪ್ರೆಸ್‌ಮಡ್‌ನಂತೆಯೇ ಡಿಸ್ಟಿಲರಿಗಳ ಸ್ಪೆಂಟ್‌ವಾಶ್ ಸಹ ಅನಿಲಕ್ಕೆ ಒದಗುವ ತ್ಯಾಜ್ಯ. ಕಾಕಂಬಿಯಿಂದ 1 ಲೀಟರ್ ಆಲ್ಕೋಹಾಲ್ ತಯಾರಿಸುವಾಗ 8ರಿಂದ 15 ಲೀಟರ್ ಸ್ಪೆಂಟ್‌ವಾಶ್ ಹೊರಬರುತ್ತದೆ. ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದ ಮೇಲೆ ಇದರ ನಿರ್ವಹಣೆಯ ಹೊಣೆಯೂ ಹೆಚ್ಚಿದೆ. ಇದರಲ್ಲಿ ಪೊಟ್ಯಾಷ್ ಅಧಿಕ; ಜೊತೆಗೆ ಲವಣಾಂಶವೂ ಅಧಿಕ. ಕೆಲವು ಘಟಕಗಳು ಮಡ್ಡಿಯೊಂದಿಗೆ ಸ್ಪೆಂಟ್‌ವಾಶ್ ಸೇರಿಸುವುದರಿಂದ ಬಗ್ಗಡದ ಗುಣವು ಘಟಕದಿಂದ ಘಟಕಕ್ಕೆ ಬೇರೆಯಾಗುತ್ತದೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಕಾಫಿ ಹಣ್ಣಿನ ಪಲ್ಪಿಂಗ್ ನೀರನ್ನೂ ಇದೇ ವಿಧಾನದಿಂದ ಅನಿಲವಾಗಿಸಬಹುದು. ಅದು ಹೆಚ್ಚು ಆಮ್ಲೀಯವಾಗಿರುವುದರಿಂದ ಸುಣ್ಣದಿಂದ ರಸಸಾರ ಸರಿಪಡಿಸಿದ ನಂತರವೇ ಘಟಕಕ್ಕೆ ಬಿಡಬೇಕು. ಹಳ್ಳಕ್ಕೆ ಹರಿದು ನೀರನ್ನು ಕೆಡಿಸುವ ಬದಲು ಅದು ತೋಟದ ಮನೆಯ ಒಲೆಗೆ ಆಗಲಿ ಎಂಬುದೇ ಅಲ್ಲಿನ ಲಾಭ.

ಬಗ್ಗಡ ಗೊಬ್ಬರ ಬಳಸುವವರಿಗೆ ಸಲಹೆಗಳು

1. ಪರೀಕ್ಷಾ ವರದಿ ಕೇಳಿ. ಹುದುಗಿಸಿದ ಸಾವಯವ ಗೊಬ್ಬರ ಮತ್ತು ಅದರ ದ್ರವ ರೂಪ ಎರಡೂ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಯಲ್ಲಿವೆ. ತೇವಾಂಶ, ಸಾವಯವ ಇಂಗಾಲ, ಪೋಷಕಾಂಶ ಮತ್ತು ಭಾರಲೋಹಗಳ ಮಿತಿಯನ್ನು ಆದೇಶವು ನಿಗದಿಪಡಿಸಿದೆ. ಚೀಲದ ಮೇಲೆ ವಿವರವಿಲ್ಲದ, ವರದಿ ತೋರಿಸದ ಗೊಬ್ಬರವನ್ನು ಕೊಳ್ಳಬೇಡಿ.

2. ತೇವಾಂಶ ನೋಡಿ ಬೆಲೆ ಕಟ್ಟಿ. ಒಂದೇ ಬೆಲೆಯ ಎರಡು ಗೊಬ್ಬರಗಳಲ್ಲಿ ಒಂದರ ತೇವಾಂಶ ಶೇ. 40, ಇನ್ನೊಂದರದು ಶೇ. 65 ಇದ್ದರೆ, ಎರಡನೆಯದರಲ್ಲಿ ತಮಗೆ ಸಿಗುವ ಒಣ ಪದಾರ್ಥ ಮೊದಲನೆಯದರ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಸಾಗಣೆ ಬಾಡಿಗೆಯನ್ನು ಮಾತ್ರ ಪೂರ್ತಿ ಕೊಡಬೇಕಾಗುತ್ತದೆ.

3. ಮೊದಲು ಕುಂಡದಲ್ಲಿ ಪರೀಕ್ಷಿಸಿ. ಎರಡು ಕುಂಡಗಳಲ್ಲಿ ತಮ್ಮ ಹೊಲದ ಮಣ್ಣನ್ನು ತುಂಬಿ, ಒಂದಕ್ಕೆ ಹತ್ತನೆಯ ಒಂದು ಭಾಗ ಗೊಬ್ಬರ ಬೆರೆಸಿ, ಎರಡರಲ್ಲಿಯೂ ಇಪ್ಪತ್ತು ಹೆಸರು ಕಾಳುಗಳನ್ನು ಬಿತ್ತಿ. ಒಂದು ವಾರದ ನಂತರ ಗೊಬ್ಬರ ಹಾಕಿದ ಕುಂಡದಲ್ಲಿ ಮೊಳಕೆ ಕಡಿಮೆಯಿದ್ದರೆ ಅಥವಾ ಎಲೆಯ ಅಂಚು ಸುಟ್ಟಂತಿದ್ದರೆ ಆ ಗೊಬ್ಬರ ಇನ್ನೂ ಪಕ್ವವಾಗಿಲ್ಲ ಅಥವಾ ಅದರಲ್ಲಿ ಲವಣ ಹೆಚ್ಚಿದೆ ಎಂದು ತಿಳಿಯಿರಿ.

4. ಹಾಕಿದ ದಿನವೇ ಮಣ್ಣಿನಲ್ಲಿ ಮುಚ್ಚಿ. ಬಗ್ಗಡದ ಅಮೋನಿಯಂ ರೂಪದ ಸಾರಜನಕವು ಬಿಸಿಲಿನಲ್ಲಿ ಹರಡಿಟ್ಟರೆ ಗಾಳಿಗೆ ಹಾರಿಹೋಗುತ್ತದೆ. ನಾಟಿಗೆ ಮುನ್ನ ಸಾಲು ತೆಗೆದು, ಗೊಬ್ಬರ ಹಾಕಿ, ತಕ್ಷಣ ಮಣ್ಣು ಎಳೆಯಿರಿ. ರಂಜಕ ಕರಗಿಸುವ ಮತ್ತು ಸಾರಜನಕ ಸ್ಥಿರೀಕರಿಸುವ ಜೈವಿಕ ಗೊಬ್ಬರಗಳನ್ನು ಇದರೊಂದಿಗೆ ಬೆರೆಸಿ ನೀಡಬಹುದು.

5. ಮಣ್ಣು ಪರೀಕ್ಷೆಯ ಆಧಾರದ ಮೇಲೆ ರಸಗೊಬ್ಬರ ಕಡಿಮೆ ಮಾಡಿ. ಬಗ್ಗಡ ಹಾಕಿಯೂ ಎಂದಿನಷ್ಟೇ ರಂಜಕ ಗೊಬ್ಬರ ಸುರಿದರೆ ಹಣವೂ ವ್ಯರ್ಥ, ಸತುವಿನ ಕೊರತೆಗೂ ದಾರಿ.

6. ಸವಳು ಭೂಮಿಯಲ್ಲಿ ದ್ರವ ಬಗ್ಗಡ ಬೇಡ. ಘಟಪ್ರಭಾ, ಮಲಪ್ರಭಾ, ತುಂಗಭದ್ರಾ ಹಾಗೂ ವಿಶ್ವೇಶ್ವರಯ್ಯ ನಾಲಾ ಅಚ್ಚುಕಟ್ಟುಗಳಲ್ಲಿ ನೀರು ನಿಲ್ಲುವ, ಲವಣ ಮೇಲೇಳುವ ಜಮೀನುಗಳಿವೆ. ಅಲ್ಲಿ ಬಸಿಗಾಲುವೆ ಸರಿಪಡಿಸುವುದು ಮೊದಲ ಕೆಲಸ. ಉಳಿದ ಜಮೀನುಗಳಲ್ಲಿಯೂ ದ್ರವವನ್ನು ನೀರಿನೊಂದಿಗೆ ತೆಳುಗೊಳಿಸಿ, ಮಣ್ಣಿನ ಲವಣಾಂಶವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾ ಬಳಸಬೇಕು. ಸೋಸದೆ ಹನಿ ನೀರಾವರಿಗೆ ಬಿಟ್ಟರೆ ಹನಿಕೆಗಳು ಕಟ್ಟಿಕೊಳ್ಳುತ್ತವೆ.

7. ಹಸಿ ಮಡ್ಡಿ ದೊರೆತರೆ ನೇರವಾಗಿ ಹಾಕಬೇಡಿ. ಅದು ಕೊಳೆಯುವಾಗ ಉಂಟಾಗುವ ಬಿಸಿಯು ಬೀಜದ ತುಂಡುಗಳ ಮೊಳಕೆಗೆ ಹಾನಿ ಮಾಡಬಹುದು. ಎರಡು ಮೂರು ತಿಂಗಳು ತೇವ ಕಾಪಾಡಿ, ತಿರುವಿ ಹಾಕಿ, ಕಳಿಸಿದ ನಂತರವೇ ಬಳಸಿ.

ಸಂಘಟನೆ ಮತ್ತು ಸಂಸ್ಥೆಗಳ ಹೊಣೆ

ಒಬ್ಬ ರೈತ ಘಟಕದ ಬಾಗಿಲಲ್ಲಿ ನಿಂತು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ರೈತ ಉತ್ಪಾದಕ ಕಂಪನಿಗಳು ಮತ್ತು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಹಂಗಾಮಿಗೆ ಮೊದಲೇ ಘಟಕದೊಂದಿಗೆ ಬರಹದ ಒಪ್ಪಂದ ಮಾಡಿಕೊಳ್ಳಬೇಕು. ಆ ಒಪ್ಪಂದದಲ್ಲಿ ನಾಲ್ಕು ಅಂಶಗಳು ಇರಲಿ: ಕಬ್ಬು ಪೂರೈಸಿದ ಪ್ರಮಾಣಕ್ಕೆ ಅನುಗುಣವಾಗಿ ಬೆಳೆಗಾರರಿಗೆ ಮೀಸಲಾದ ಗೊಬ್ಬರದ ಪಾಲು, ಒಣ ತೂಕದ ಆಧಾರದ ಬೆಲೆ, ಪ್ರತಿ ತಂಡದ ಪರೀಕ್ಷಾ ವರದಿ ಮತ್ತು ಸಾಗಣೆಯ ವ್ಯವಸ್ಥೆ. ಕಬ್ಬು ಇಳಿಸಿದ ಲಾರಿಗಳು ಮತ್ತು ಟ್ರ್ಯಾಕ್ಟರ್‌ಗಳು ಖಾಲಿಯಾಗಿ ಊರಿಗೆ ಹಿಂದಿರುಗುತ್ತವೆ. ಹಿಂದೆ ಮಡ್ಡಿ ಹೇರುತ್ತಿದ್ದ ಅದೇ ವಾಹನಗಳಲ್ಲಿ ಗೊಬ್ಬರ ಬಂದರೆ ಸಾಗಣೆ ವೆಚ್ಚ ಬಹಳಷ್ಟು ಉಳಿಯುತ್ತದೆ.

ಇದು ಘಟಕದವರಿಗೂ ಹಿತವೇ. ದಿನಕ್ಕೆ 6 ಟನ್ ಅನಿಲ ಉತ್ಪಾದಿಸುವ ಘಟಕದಲ್ಲಿ ಅದರ ಹಲವು ಪಟ್ಟು ಬಗ್ಗಡ ಶೇಖರವಾಗುತ್ತದೆ. ಅದನ್ನು ಎತ್ತಿಕೊಳ್ಳುವವರಿಲ್ಲದೆ ಹೊಂಡಗಳು ತುಂಬಿದರೆ ಅನಿಲ ಉತ್ಪಾದನೆಯನ್ನೂ ನಿಲ್ಲಿಸಬೇಕಾಗುತ್ತದೆ. ಹತ್ತಿರದ ಕಬ್ಬಿನ ಹೊಲಕ್ಕಿಂತ ಉತ್ತಮವಾದ, ನಿಶ್ಚಿತವಾದ ಮಾರುಕಟ್ಟೆ ಅವರಿಗೆ ಬೇರೆಲ್ಲಿಯೂ ಇಲ್ಲ. ಹೊಸ ಘಟಕಗಳಿಗೆ ಅನುಮತಿ ನೀಡುವಾಗ ಅನಿಲದ ಲೆಕ್ಕದೊಂದಿಗೆ ಬಗ್ಗಡ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನೂ ಕೇಳುವ ಪದ್ಧತಿ ಬರಬೇಕು. ಕೃಷಿ ವಿಶ್ವವಿದ್ಯಾಲಯಗಳು ಕಪ್ಪು ಮತ್ತು ಕೆಂಪು ಮಣ್ಣುಗಳೆರಡರಲ್ಲಿಯೂ ನಾಟಿಯಿಂದ ಕೂಳೆಯವರೆಗೆ ಬಗ್ಗಡದ ಪ್ರಾತ್ಯಕ್ಷಿಕೆಗಳನ್ನು ಏರ್ಪಡಿಸಿ, ಬೆಳೆಗಾರರ ಕಣ್ಣೆದುರಿಗೆ ಫಲಿತಾಂಶವನ್ನು ಇಡಬೇಕು.

ಕ್ಷೇತ್ರೋತ್ಸವದಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರಿಗೆ ಅಂದು ನಾನು ನೀಡಿದ ಉತ್ತರವನ್ನೇ ತಮಗೂ ಹೇಳುತ್ತೇನೆ. ಮಡ್ಡಿ ಗ್ಯಾಸ್ ಆಗುವುದನ್ನು ತಡೆಯುವ ಅಗತ್ಯವಿಲ್ಲ. ತೆರೆದ ರಾಶಿಯಲ್ಲಿ ವ್ಯರ್ಥವಾಗಿ ಗಾಳಿಗೆ ಹೋಗುತ್ತಿದ್ದುದು ಈಗ ವಾಹನಕ್ಕೆ ಇಂಧನವಾಗುತ್ತಿದೆ. ಆದರೆ ತಮ್ಮ ಮಣ್ಣಿನಿಂದ ಕಬ್ಬಿನ ಮೂಲಕ ಹೋದ ರಂಜಕ, ಸಾರಜನಕ ಮತ್ತು ಸುಣ್ಣದ ಅಂಶಗಳು ಆ ಅನಿಲದ ಸಿಲಿಂಡರಿನಲ್ಲಿಲ್ಲ, ಬಗ್ಗಡದಲ್ಲಿವೆ. ಮುಂದಿನ ಹಂಗಾಮಿನ ಕಬ್ಬಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅದನ್ನು ಹೆಸರಿಟ್ಟು ಕೇಳಿ.